ಪರದೆಯಾಚೆಯ ಕೂಗು

ಬ್ರಿಜ್ ಮೇಜಿನ ಮೇಲೆ ಓರೆಯಾಗಿ ನಿಲ್ಲಿಸಿದ ಹಲಗೆಯನ್ನು ನೋಡಿ ಕೆಂಪಣ್ಣ ಟವಲ್ಲು ಕೊಡವಿದ. ಕ್ಯಾತನಹಳ್ಳಿಯ ಕಬ್ಬಿನ ಗದ್ದೆ ಬಿಟ್ಟು ಪ್ರತಿ ಭಾನುವಾರ ಶ್ರೀರಂಗಪಟ್ಟಣದ ಈ ಮಹಡಿ ಕ್ಲಬ್ಬಿಗೆ ಇಸ್ಪೀಟೆಲೆ ಆಡಲು ಬರುವ ಆಸಾಮಿ ಅವನು.

"ಇದೇನ್ ಮಂಚಯ್ನೋರೆ, ಅಂತರಪಟ ಇಡ್ದಂಗೆ ಇಟ್ಟಿದ್ದೀರಿ? ಧಾರೆ ಯಾರ್ಗೆ?"

ಕೆ.ಆರ್. ಪೇಟೆಯಿಂದ ಬಂದಿದ್ದ ಅಂಪೈರ್ ಮಂಚಯ್ಯ ನಗಲಿಲ್ಲ. "ವಿಶ್ವ ಬ್ರಿಜ್ ಒಕ್ಕೂಟದ ಪಂದ್ಯದಾಗೆಲ್ಲ ಇಂಗೇ ಕಣಣ್ಣ. ಜೊತೆಗಾರ್ನ ಮುಖ ಕಾಣ್ಬಾರ್ದು. ಕೆಮ್ಮು, ಕಣ್ಸನ್ನೆ ಒಂದೂ ನಡ್ಯಲ್ಲ. ಇವತ್ತು ಗೆದ್ದೋರು ಮುಂದಿನ ಪಂದ್ಯಕ್ಕೆ ಓಗ್ಬೇಕಲ್ಲ, ಈಗ್ಲೇ ರೂಢಿ ಆಗ್ಲಿ ಬುಡು."

ಹಲಗೆಯ ಈಚೆಗೆ ಸರೋಜ, ಅವಳ ಪಕ್ಕಕ್ಕೆ ಎದುರಾಳಿ ಕೆಂಪಣ್ಣ. ಆಚೆಗೆ ಅವಳ ಜೊತೆಗಾರ ವಿಜಯೇಂದ್ರ, ಮತ್ತು ಕೆಂಪಣ್ಣನ ಮಗ ದಿಲೀಪ.

ವಿಜಯೇಂದ್ರ ಅವಳ ಹಳೆಯ ಜೊತೆಗಾರನಲ್ಲ. ವರ್ಷಾನುಗಟ್ಟಲೆ ಅವಳೆದುರು ಕೂತು ಆಡಿದವರು ಗಂಡ ಶ್ರೀಕಂಠಯ್ಯ ಮೇಷ್ಟ್ರು. ಲಕ್ವ ಹೊಡೆದ ಮೇಲೆ ಮೇಷ್ಟ್ರಿಗೆ ಮಾತಿಲ್ಲ, ಬಲಗೈಯಿಲ್ಲ. ಎರಡು ವರ್ಷದಿಂದ ಮಂಚವೇ ಮನೆ. ಅವರ ಶಿಷ್ಯನೇ ಆದ ವಿಜಯೇಂದ್ರ ನಾಗಮಂಗಲದಿಂದ ಬಂದು, "ಮೇಷ್ಟ್ರ ಆಸೆ ಅಮ್ಮ, ಒಂದ್ಸಲ ಗೆಲ್ಲೋಣ" ಎಂದು ಹಟ ಹಿಡಿದಿದ್ದ. ಬಾಬುರಾಯನಕೊಪ್ಪಲಿನ ಬೈರಮ್ಮನನ್ನು ಮನೆಯಲ್ಲಿ ಕೂರಿಸಿ ಸರೋಜ ಬಂದಿದ್ದಳು.

ಬ್ರಿಜ್‌ನಲ್ಲಿ ಆಟಕ್ಕೆ ಮೊದಲು ಹರಾಜಿನಂಥ ಕೂಗು. ಆದರೆ ಬಾಯಿಬಿಡುವ ಹಾಗಿಲ್ಲ. ಕೂಗು ಅಚ್ಚಾದ ಚೀಟಿಯನ್ನು ಟ್ರೇ ಮೇಲಿಟ್ಟು ಹಲಗೆಯಡಿಯ ಸಂದಿಯಲ್ಲಿ ಆಚೆ ತಳ್ಳಬೇಕು. ಪ್ರತಿ ಕೂಗೂ ಹಿಂದಿನದಕ್ಕಿಂತ ಮೇಲೇರಬೇಕು, ಕೂಗಿದಷ್ಟು ಗೆಲ್ಲದಿದ್ದರೆ ದಂಡ. ಏಳು ನೋ ಟ್ರಂಪ್ ಎಂಬುದೇ ತುದಿ. ಸಾಲಾಗಿ ಮೂವರು ಪಾಸ್ ಚೀಟಿ ಇಟ್ಟರೆ ಕೂಗು ಮುಗಿಯಿತು. ಆಗ ಮಂಚಯ್ಯ ಹಲಗೆಯ ಪುಟ್ಟ ಬಾಗಿಲು ತೆಗೆಯುತ್ತಾನೆ, ಜೊತೆಗಾರರ ಮುಖ ಕಾಣುತ್ತದೆ.

ಕೊನೆಯ ಆಟ. ಅಲ್ಲಿಯವರೆಗೂ ಸರೋಜಳ ಜೋಡಿಯೇ ಮುಂದೆ. ಅವಳು ಒಂದು ಇಸ್ಪೇಟು ಚೀಟಿ ಇಟ್ಟಳು, ಕೆಂಪಣ್ಣ ಪಾಸ್. ಟ್ರೇ ಹೋಗಿ ಎರಡು ಕಳಾವರ್, ದಿಲೀಪನ ಪಾಸ್ ಹೊತ್ತು ಬಂತು. ಅವಳು ಎರಡು ಇಸ್ಪೇಟು ಇಟ್ಟಳು. ಟ್ರೇ ಹೋಯಿತು, ಬಂತು.

ಅವಳು ಟ್ರೇ ಮೇಲೆ ಬಗ್ಗಿ ನೋಡಿದಳು.

ಹಳೆಯ ಚೀಟಿ ಕಾಣುವಂತೆ ಹೊಸದನ್ನು ಮೆಟ್ಟಿಲು ಮೆಟ್ಟಿಲಾಗಿ ಜರುಗಿಸಿ ಇಡಬೇಕು, ಅದು ಪದ್ಧತಿ. ವಿಜಯೇಂದ್ರ ಬೆಳಗಿನಿಂದ ಹಾಗೇ ಇಟ್ಟಿದ್ದ. ಈಗ ಮೂರು ಕಳಾವರ್ ಚೀಟಿ ಎರಡರ ಮೇಲೆ, ಅಂಚಿಗೆ ಅಂಚು ಕೂಡಿಸಿ, ಅದನ್ನು ಪೂರ್ತಿ ಮುಚ್ಚಿ ಕೂತಿತ್ತು. ಈ ಚಾಳಿ ಒಬ್ಬರದೇ. ಮಂಚಯ್ಯ ಎಷ್ಟು ಸಲ ಗದರಿಸಿದ್ದರೂ ಶ್ರೀಕಂಠಯ್ಯ ನಗುತ್ತಿದ್ದರು: "ಆಡಿ ಮುಗಿದ ಮಾತು ಯಾಕ್ರೀ ಕಾಣ್ಬೇಕು?"

"ಆ ಕಡೆ ಯಾರು ಕೂತಿರೋದು?" ಸರೋಜ ಪಿಸುಗುಟ್ಟಿದಳು.

"ಇನ್ಯಾರಮ್ಮ, ವಿಜಯೇಂದ್ರಪ್ಪ, ದಿಲೀಪ. ಸುಮ್ಕೆ ಕೂಗ್ರಿ," ಎಂದ ಮಂಚಯ್ಯ.

ಅವಳ ಕೈಯಲ್ಲಿದ್ದ ಎಲೆಗಳಿಗೆ ಪಾಸ್ ಎನ್ನುವುದೇ ಸರಿ. ಆದರೆ ಪಾಸ್ ಎಂದರೆ ಬಾಗಿಲು ತೆರೆಯುತ್ತದೆ. ಅಲ್ಲಿ ವಿಜಯೇಂದ್ರನ ಮುಖ ಇರುತ್ತದೆ, ಕೂಗುತ್ತಿರುವವರು ಇರುವುದಿಲ್ಲ. ಅವರು ಇಲ್ಲಿದ್ದರೆ ಮನೆಯ ಮಂಚದ ಮೇಲೆ ಏನಿದೆ? ಆ ಯೋಚನೆಯನ್ನು ಅವಳು ಪೂರ್ತಿ ಮಾಡಲಿಲ್ಲ. ಮೂರು ಇಸ್ಪೇಟು ಇಟ್ಟಳು.

ನಾಲ್ಕು ಕಳಾವರ್ ಬಂತು, ಮೂರರ ಮೇಲೆ, ಅಂಚಿಗೆ ಅಂಚು.

"ಸರೋಜಮ್ನೋರೆ, ಏಣಿ ಆಕ್ಕಂಡು ಅಟ್ಟ ಅತ್ತಾ ಇದ್ದೀರಲ್ಲ," ಕೆಂಪಣ್ಣ ಹಲ್ಲು ಬಿಟ್ಟ. "ಬಿದ್ರೆ ಇಡ್ಕಳಕ್ಕೆ ನಾನಿಲ್ಲ ಕಣ್ರವ್ವ."

ಪಂದ್ಯ ಕೈಬಿಟ್ಟಿತೆಂದು ಅವಳಿಗೂ ಗೊತ್ತಿತ್ತು. ನಾಲ್ಕು ಇಸ್ಪೇಟು. ಐದು ಕಳಾವರ್. ಐದು. ಆರು. ಮನೆಯಲ್ಲಿ ಎರಡು ವರ್ಷ ಒಂದು ಹ್ಞೂಂ ಕೂಡ ಅನ್ನದವರು ಇಲ್ಲಿ ಒಂದಕ್ಕೊಂದು ಉತ್ತರ ಕೊಡುತ್ತಿದ್ದರು. ಟ್ರೇ ಬರುವುದು ಮಾತ್ರ ಒಂದೊಂದು ಸಲಕ್ಕೂ ನಿಧಾನವಾಗುತ್ತಿತ್ತು, ಯಾರೋ ಏದುಸಿರು ಬಿಡುತ್ತಾ ತಳ್ಳಿದ ಹಾಗೆ. ಅವಳು ಏಳು ಇಸ್ಪೇಟು ಇಟ್ಟು ಕಾದಳು.

ಏಳು ನೋ ಟ್ರಂಪ್ ಬಂತು.

ಅದರ ಮೇಲೆ ಮೆಟ್ಟಿಲಿಲ್ಲ.  ಈಗ ಅವಳ ಸರದಿ, ಮತ್ತು ಅವಳಿಗೆ ಉಳಿದಿದ್ದು ಒಂದೇ ಚೀಟಿ. ಅವಳು ಅದನ್ನು ಮುಟ್ಟಲಿಲ್ಲ.

ಆಗ ಹಲಗೆಯ ಆಚೆಯಿಂದ ವಿಜಯೇಂದ್ರನ ದನಿ ಬಂತು. "ಅಮ್ಮಾ, ಎಷ್ಟು ಹೊತ್ತು ಯೋಚ್ನೆ ಮಾಡ್ತೀರಿ? ನಾನು ಎರಡು ಕಳಾವರ್ ಇಟ್ಟು ಕಳಿಸಿದ ಮೇಲೆ ಟ್ರೇ ಈ ಕಡೆಗೆ ಬಂದೇ ಇಲ್ವಲ್ಲ."

"ಊಂ ಕಣಪ್ಪೋ," ಎಂದ ದಿಲೀಪ. "ನಂಗೆ ತೂಕಡ್ಕೆ ಬತ್ತಾ ಅದೆ."

"ಲೇ, ತಮಾಸೆ ಮಾಡ್ಬ್ಯಾಡ ಕಣ್ಲಾ," ಎನ್ನುತ್ತ ಕೆಂಪಣ್ಣ ಟ್ರೇ ನೋಡಿದ. ಒಟ್ಟಿದ ಚೀಟಿಗಳನ್ನು ನೋಡಿ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ. ಮಂಚಯ್ಯನ ಕೈ ಬಾಗಿಲ ಚಿಲಕಕ್ಕೆ ಹೋಯಿತು.

"ತೆಗೀಬೇಡಿ," ಎನ್ನುತ್ತ ಸರೋಜ ಎದ್ದಳು. "ನನ್ನ ಸರದಿ ಮುಗಿದಿಲ್ಲ."

"ಎದ್ದೋದ್ರೆ ಆಟ ಅವ್ರದಾಯ್ತದಮ್ಮ," ಎಂದ ಮಂಚಯ್ಯ.

"ಆಗ್ಲಿ."

ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಅವಳು ಮನೆ ಮುಟ್ಟಿದಾಗ ಬೈರಮ್ಮ ಮಂಚದಿಂದ ದೂರ, ಗೋಡೆಗೆ ಒತ್ತಿ ನಿಂತಿದ್ದಳು.

"ಬನ್ರವ್ವ ಬಿರ್ರನೆ. ಆಗ್ಲಿಂದ ಆ ಸತ್ತ ಕೈ ಆಡುಸ್ತಾವ್ರೆ. ಈಗ ಎತ್ತಿದ್ದು ಇಳ್ಸಾಕೇ ಒಲ್ರು. ನಂಗೆ ಮುಟ್ಟಾಕೆ ಭಯ."

ಶ್ರೀಕಂಠಯ್ಯನವರ ಬಲಗೈ ಗಾಳಿಯಲ್ಲಿ ನಿಂತಿತ್ತು. ಕಣ್ಣು ಅವಳ ಮೇಲೆಯೇ. ಸರೋಜ ಪಕ್ಕದಲ್ಲಿ ಕೂತು ಸೆರಗಿನಿಂದ ಅವರ ಹಣೆಯ ಬೆವರು ಒರೆಸಿದಳು. ಸರದಿ ಇನ್ನೂ ತನ್ನದೇ. ತಾನು ಹೇಳುವವರೆಗೂ ಇದು ಮುಗಿಯುವುದಿಲ್ಲ. ನಾಳೆಯೂ ಹೇಳದಿರಬಹುದು, ನಾಡಿದ್ದೂ.

ಕೈ ಅರ್ಧ ಕುಸಿಯಿತು. ಅವರು ಹಲ್ಲು ಕಚ್ಚಿ ಅದನ್ನು ಮತ್ತೆ ಮೇಲಕ್ಕೆತ್ತಿದರು, ಕಾಯುವುದಕ್ಕೆ.

ಅದನ್ನು ಎರಡನೇ ಸಲ ನೋಡಲು ಅವಳಿಂದಾಗಲಿಲ್ಲ. ಕಿವಿಯ ಹತ್ತಿರ ಬಗ್ಗಿದಳು.

"ಪಾಸ್," ಎಂದಳು.

"ಏನಂದ್ರವ್ವ?" ಎಂದಳು ಬೈರಮ್ಮ.

ಕೈ ಮೆಲ್ಲಗೆ ಇಳಿಯಿತು. ಬೈರಮ್ಮ ಬಂದು ಅವರ ಮೂಗಿನ ಬಳಿ ಬೆರಳು ಹಿಡಿದು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.