ಬಿಚ್ಚದ ಕಾಲುಚೀಲ

ನಮ್ಮದು ಎರಡು ದೇಶಗಳು ಹಂಚಿಕೊಂಡ ವೈದ್ಯಕೀಯ ಪದವಿ. ಮೊದಲ ಎರಡು ವರ್ಷ ನಮ್ಮ ಕಾಲೇಜು, ಉಳಿದ ಮೂರು ವರ್ಷ ಗಡಿಯಾಚೆಯ ಆಸ್ಪತ್ರೆ. ಸರ್ಟಿಫಿಕೇಟಿನ ಮೇಲೆ ಎರಡು ಮುದ್ರೆ. ಈಗ ಅದು ನನ್ನ ಕ್ಲಿನಿಕ್ಕಿನ ಗೋಡೆಯ ಮೇಲಿದೆ. ನೋಡಿದವರು ಹೊಗಳುತ್ತಾರೆ. ನಾನು ಅದಕ್ಕೆ ಬೆನ್ನು ಹಾಕಿ ಕೂರುತ್ತೇನೆ.

ನಮ್ಮ ಕಾಲೇಜಿನಲ್ಲಿ ಒಂದು ಹಾಸಿಗೆಗೆ ಆರು ಜನ ವಿದ್ಯಾರ್ಥಿಗಳು. ಒಬ್ಬರು ರೋಗಿಯನ್ನು ಮುಟ್ಟಿ ನೋಡಿದರೆ ಐದು ಜನ ಕೇಳಿ ಬರೆದುಕೊಳ್ಳುವುದು. "ಪಾಪ, ಅವರನ್ನ ಎಷ್ಟು ಸಲ ಅಂತ ಹಿಂಡ್ತೀರ?" ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಗಡಿ ದಾಟಿದ ಮೊದಲ ದಿನವೇ ಅಲ್ಲಿನ ಪ್ರೊಫೆಸರಮ್ಮ ಬೇರೆ ರಾಗ ಎಳೆದರು. "ಕಣ್ಣಾರೆ ಕಂಡಿದ್ದನ್ನ ಮಾತ್ರ ಬರೀಬೇಕು. ನೋಡದೆ ಬರೆದವರು ವಾಪಸ್." ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸಿದೆವು. ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ?

ನನ್ನ ರೂಮಿನಲ್ಲಿದ್ದವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದೆವು. ನನಗಿಂತ ಎರಡೇ ತಿಂಗಳು ದೊಡ್ಡವಳು, ಆದರೆ ಇಡೀ ಬ್ಯಾಚಿಗೆ ಬೈಯುವ ಹಕ್ಕು ಅವಳದು. ಅಲ್ಲಿನ ಭಾಷೆ ನಾಲಿಗೆಗೆ ಹತ್ತದೆ ನಾನು ಅಳುತ್ತಿದ್ದಾಗ, ರೋಗಿಗಳಿಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಬಾಯಿಪಾಠ ಮಾಡಿಸಿದವಳು ಅವಳೇ. ಅವಳಿಲ್ಲದಿದ್ದರೆ ಮೊದಲ ತಿಂಗಳೇ ಗಂಟುಮೂಟೆ ಕಟ್ಟುತ್ತಿದ್ದೆ.

ಒಂದು ಬೆಳಿಗ್ಗೆ ಹನ್ನೊಂದನೆಯ ಹಾಸಿಗೆಗೆ ಒಬ್ಬ ವಯಸ್ಸಾದ ಟೈಲರ್ ಬಂದರು. ಸಕ್ಕರೆ ಕಾಯಿಲೆ, ಕಾಲಿಗೆ ನೋವೇ ತಿಳಿಯುತ್ತಿರಲಿಲ್ಲ. ಹೊಸ ರೋಗಿಯನ್ನು ಇಬ್ಬರು ವಿದ್ಯಾರ್ಥಿಗಳು ಬೇರೆಬೇರೆಯಾಗಿ ಪರೀಕ್ಷಿಸಿ ಬರೆಯಬೇಕಿತ್ತು. ನಾನು ಮತ್ತು ದೊಡ್ಡಕ್ಕ. ಕಾಲುಚೀಲಕ್ಕೆ ಕೈ ಹಾಕಿದೆ. ಅವರು ನಾಚಿ ಕಾಲೆಳೆದುಕೊಂಡರು.

"ಬೇಡ ಬಿಡಮ್ಮ. ಎರಡು ದಿನದಿಂದ ಇದೇ ಹಾಕಿದೀನಿ, ವಾಸನೆ."

ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. "ಎರಡೂ ಪಾದ, ಬೆರಳ ಸಂದು ನೋಡಿದೆ. ಗಾಯವಿಲ್ಲ" ಎಂದು ಬರೆದೆ.

ದೊಡ್ಡಕ್ಕ ಆಗ ಪಕ್ಕದ ಹಾಸಿಗೆಯಲ್ಲಿ ವಾಂತಿ ಮಾಡುತ್ತಿದ್ದ ಹೆಂಗಸಿನ ತಲೆ ಹಿಡಿದುಕೊಂಡಿದ್ದಳು. "ಕಾಲು ನೋಡಿದ್ಯೇನೇ?" ಎಂದು ಅಲ್ಲಿಂದಲೇ ಕೇಳಿದಳು. "ನೋಡ್ದೆ ದೊಡ್ಡಕ್ಕ, ಏನೂ ಇಲ್ಲ" ಎಂದೆ. ಕೈ ತೊಳೆದು ಬಂದವಳು ನನ್ನ ಸಾಲನ್ನೇ ತನ್ನ ಹಾಳೆಯಲ್ಲೂ ಬರೆದಳು.

ಮೂರನೆಯ ದಿನ ನರ್ಸಮ್ಮ ಕಾಲುಚೀಲ ಬಿಚ್ಚಿದಾಗ ಕಿರುಬೆರಳ ಸಂದು ಕಪ್ಪಾಗಿತ್ತು. ಬೆರಳು ತೆಗೆಯಬೇಕಾಯಿತು.

ಪ್ರೊಫೆಸರಮ್ಮ ಎರಡು ಹಾಳೆಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟರು. ಒಂದಕ್ಷರವೂ ಬೇರೆಯಿರಲಿಲ್ಲ.

"ನಾನು ನೋಡಿಲ್ಲ ಮೇಡಂ" ಎಂದಳು ದೊಡ್ಡಕ್ಕ, ಕೇಳುವ ಮೊದಲೇ. "ಇವಳನ್ನ ಕೇಳಿ ಬರೆದೆ. ತಪ್ಪಾಯ್ತು."

"ನೀನು?"

"ನೋಡಿದೆ ಮೇಡಂ. ಆಗ ಏನೂ ಇರಲಿಲ್ಲ."

ಅವರು ನಮ್ಮಿಬ್ಬರನ್ನೂ ವಾರ್ಡಿಗೆ ಕರೆದುಕೊಂಡು ಹೋಗಿ ಟೈಲರನ್ನೇ ಕೇಳಿದರು. ಆತ ನನ್ನ ಮುಖ ನೋಡಿದರು. ಅದು ಹೇಗೆ ಬಿಳಿಚಿಕೊಂಡಿತ್ತೋ ಏನೋ. "ಹೂಂ, ಈ ಮಗು ನೋಡಿದ್ಳು" ಎಂದರು.

ದೊಡ್ಡಕ್ಕನ ಸೀಟು ಹೋಯಿತು. ನಮ್ಮ ದೇಶಕ್ಕೆ ಮರಳಿ ಎರಡನೆಯ ವರ್ಷದಿಂದ ಮತ್ತೆ ಓದಬೇಕು. ಗಡಿಯಾಚೆಯ ಬಾಗಿಲು ಅವಳ ಪಾಲಿಗೆ ಮುಚ್ಚಿತು.

ಅವಳು ಹೊರಡುವ ದಿನ ಟೈಲರ್ ನನ್ನನ್ನು ಹತ್ತಿರ ಕರೆದರು. ಪ್ರೊಫೆಸರಮ್ಮ ಎರಡು ಹಾಸಿಗೆಯಾಚೆ ನಿಂತಿದ್ದರು.

"ಕಾಲುಚೀಲ ಬಿಚ್ಚೋದು ಬೇಡ ಅಂದೋನು ನಾನೇ. ನಿನಗ್ಯಾಕೆ ಪೆಟ್ಟು ಅಂತ ಹಾಗೆ ಹೇಳಿಬಿಟ್ಟೆ" ಎಂದು ಪಿಸುಗುಟ್ಟಿದರು. "ಆದ್ರೆ ಆ ಇನ್ನೊಂದು ಮಗು ವಾಪಸ್ ಹೋಗ್ತಿದೆಯಂತಲ್ಲ. ನನ್ನ ಮಾತಿನಿಂದ ಹಾಗಾಯ್ತಾ? ಡಾಕ್ಟರಮ್ಮ ಇಲ್ಲೇ ಇದಾರೆ, ನಿಜ ಹೇಳಿಬಿಡ್ಲಾ?"

ಹೂಂ ಅಂದಿದ್ದರೆ ಸಾಕಿತ್ತು. ದೊಡ್ಡಕ್ಕ ಕೇಳಿದ್ದು, ನಾನು ಉತ್ತರಿಸಿದ್ದು ಎಲ್ಲ ಹೊರಬರುತ್ತಿತ್ತು. ಅವಳು ನನ್ನ ಸುಳ್ಳನ್ನು ನಂಬಿ ಕೆಟ್ಟಳೆಂದು ತಿಳಿದರೆ ಶಿಕ್ಷೆ ಕಡಿಮೆಯಾಗುತ್ತಿತ್ತೋ ಏನೋ. ನಾನಂತೂ ಹೋಗುತ್ತಿದ್ದೆ.

"ಬೇಡ ಬಿಡಿ. ಅದಕ್ಕೂ ನಿಮಗೂ ಸಂಬಂಧ ಇಲ್ಲ" ಎಂದೆ.

"ಅಬ್ಬ, ಸದ್ಯ" ಎಂದು ಅವರು ದಿಂಬಿಗೆ ಒರಗಿದರು. ಆ ಮುದುಕರ ಮನಸ್ಸು ಹಗುರವಾದದ್ದು ಕಣ್ಣಿಗೆ ಕಾಣುತ್ತಿತ್ತು.

ರೂಮಿಗೆ ಬಂದಾಗ ದೊಡ್ಡಕ್ಕ ಸೂಟ್‌ಕೇಸಿನ ಜೊತೆ ಗುದ್ದಾಡುತ್ತಿದ್ದಳು. ನನ್ನ ಮುಖ ಕಂಡು, "ನೀನ್ಯಾಕೆ ಅಳ್ತೀಯೇ ಪೆದ್ದಿ? ನೀನು ನೋಡಿ ಬರೆದೆ. ನಾನು ಸೋಮಾರಿತನ ಮಾಡ್ದೆ, ಅನುಭವಿಸ್ತೀನಿ" ಎಂದಳು. "ಬಾ, ಇದರ ಮೇಲೆ ಕೂತ್ಕೋ, ಜಿಪ್ ಹಾಕೋಕೆ ಆಗ್ತಿಲ್ಲ."

ಕೂತೆ.

"ಇನ್ನೂ ಜೋರಾಗಿ ಕೂತ್ಕೊಳ್ಳೇ, ಅರ್ಧಕ್ಕೇ ನಿಂತಿದೆ."

ಕಾಲು ನೆಲದಿಂದ ಎತ್ತಿ, ನನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟೆ. ಅವಳು ಜಿಪ್ ಎಳೆದುಕೊಂಡಳು.