ಸಿದ್ದಕ್ಕನ ಹಲ್ಲಿನ ಸೆಟ್ಟು

ದಾಂಡೇಲಿಯ ಕಾಗದ ಕಾರ್ಖಾನೆಯ ಗೇಟಿನಿಂದ ಕೂಗಳತೆ ದೂರದಲ್ಲಿ ಸಿದ್ದಕ್ಕನ ಖಾನಾವಳಿ ಇತ್ತು. ಗಂಡ ತೀರಿಕೊಂಡ ಮರುವರ್ಷ, ಕಾರ್ಖಾನೆ ಇನ್ನೂ ಹೊಸದಿದ್ದಾಗ, ಅದನ್ನು ಶುರು ಮಾಡಿದ್ದಳು. ಆಗ ಅವಳಿಗೆ ನಲವತ್ತೆಂಟು. ಬಾಯಲ್ಲಿ ತನ್ನದೆನ್ನುವ ಒಂದು ಹಲ್ಲೂ ಉಳಿದಿರಲಿಲ್ಲ. ಧಾರವಾಡಕ್ಕೆ ಹೋಗಿ ಮೇಲಿನದೊಂದು, ಕೆಳಗಿನದೊಂದು ಸೆಟ್ಟು ಕಟ್ಟಿಸಿಕೊಂಡು ಬಂದವಳೇ ಒಲೆ ಹೊತ್ತಿಸಿದಳು.

ನವಲಗುಂದದ ಕಡೆಯ ಹೆಣ್ಣುಮಗಳು. ರೊಟ್ಟಿ ಮುರಿದರೆ ಪಕ್ಕದ ಮನೆಗೆ ಕೇಳಿಸಬೇಕು ಎನ್ನುವ ಪೈಕಿ. ಕೆಲಸಕ್ಕಿದ್ದ ಸಕ್ಕುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಮೊದಲ ರೊಟ್ಟಿಯನ್ನು ಸಿದ್ದಕ್ಕ ಕಡಿದು ನೋಡಿ “ಹೂಂ” ಅಂದ ಮೇಲೆಯೇ ತಾಟು ಹಾಕುವುದು. ಈ ಪದ್ಧತಿ ಒಂಬತ್ತು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಇತ್ತೀಚೆಗೆ ಪಾಳಿ ಮುಗಿಸಿ ಬರುವ ಹುಡುಗರು ಕಡಿಮೆಯಾಗಿದ್ದರು. ಈಗಿನವರಿಗೆ ಮನೆಯ ಊಟದ ಬೆಲೆ ಗೊತ್ತಿಲ್ಲ ಎಂದು ಸಿದ್ದಕ್ಕ ತೀರ್ಮಾನಿಸಿದ್ದಳು. ಅವರ ಬದಲು ವಯಸ್ಸಾದವರು ಬರತೊಡಗಿದ್ದರು. ಅವರಲ್ಲಿ ಮುಖ್ಯನಾದವನು ನಾಗಲಿಂಗಪ್ಪ. ಕಟ್ಟಿಗೆ ಡಿಪೋದಲ್ಲಿ ಕಾವಲಿದ್ದು ನಿವೃತ್ತನಾದವನು, ಒಂಟಿ ಮನುಷ್ಯ, ನಾಲ್ಕು ಹಲ್ಲಿನ ಯಜಮಾನ. ಇಂಥ ಊಟ ಇಡೀ ಹಳಿಯಾಳ ತಾಲ್ಲೂಕಿನಲ್ಲಿ ಇಲ್ಲ ಎಂದು ಅವನು ದಿನಾಲೂ ಹೇಳುತ್ತಿದ್ದ. ಸಿದ್ದಕ್ಕ ಅದನ್ನು ನಂಬಿದ್ದಳು.

ಬಾಯ್ಲರಿನಲ್ಲಿ ಕೆಲಸ ಮಾಡುವ ಮಲಕಪ್ಪ ಮಾತ್ರ ಮೊದಲ ದಿನದಿಂದ ಅಲ್ಲೇ ಉಣ್ಣುತ್ತಿದ್ದವನು. ಸಾವಿರದ ಒಂಬೈನೂರ ಅರವತ್ತೇಳರ ಬೇಸಿಗೆಯಲ್ಲಿ ಅವನು ಊರಿಗೆ ಹೋಗಿ ಬರುವಾಗ ಹೆಂಡತಿ ಮಾಡಿಕೊಟ್ಟ ರೊಟ್ಟಿಯ ಗಂಟು ತಂದ. ಮರ್ಯಾದೆಗೆಂದು ಒಂದನ್ನು ಸಿದ್ದಕ್ಕನ ಕೈಗಿಟ್ಟ. ಅವಳು ಕಡಿದಳು. ರೊಟ್ಟಿ ಹಾಗೇ ಇತ್ತು. ಮತ್ತೊಮ್ಮೆ ಕಡಿದಳು. ಕೆಳಗಿನ ಸೆಟ್ಟು ಜಾಗ ಬಿಟ್ಟು ಸರಿದು ನಾಲಿಗೆಯ ಮೇಲೆ ಕೂತಿತು. ಅದನ್ನು ಸೆರಗಿನ ಮರೆಯಲ್ಲಿ ಸರಿಪಡಿಸಿಕೊಂಡು, ನಿನ್ನ ಹೆಂಡತಿ ರೊಟ್ಟಿ ಮಾಡುತ್ತಾಳೋ ಹಂಚು ಸುಡುತ್ತಾಳೋ ಎಂದು ಕೇಳಿದಳು. ಮಲಕಪ್ಪ ಅದೇ ರೊಟ್ಟಿಯನ್ನು ಮುರಿದು ಬಾಯಿಗೆ ಹಾಕಿಕೊಂಡ. ಸದ್ದು ಚೆನ್ನಾಗಿಯೇ ಬಂತು.

“ನಿಮ್ಮ ರೊಟ್ಟೀನೂ ಮೊದಲ ಹಿಂಗ ಇದ್ದವ್ರಿ ಅಕ್ಕಾ,” ಎಂದ.

“ಈಗ ಹೆಂಗ ಅದಾವು?”

ಮಲಕಪ್ಪ ನೆಲ ನೋಡಿದ. “ಮೆತ್ತಗ ಅದಾವ್ರಿ. ಎರಡು ವರ್ಷ ಆತು.”

“ಎರಡು ವರ್ಷ ಬಾಯಿ ಮುಚಗೊಂಡು ಉಂಡಿ?”

“ಹೆಂಗ ಹೇಳೂದ್ರಿ. ಹಲ್ಲಿನ ವಿಷಯ.”

ಸಿದ್ದಕ್ಕ ಒಳಗೆ ಹೋಗಿ ಸೆಟ್ಟು ತೆಗೆದು ಬೆಳಕಿಗೆ ಹಿಡಿದಳು. ದಿನಾ ತೊಳೆಯುವ ವಸ್ತುವನ್ನು ಯಾರೂ ನೋಡುವುದಿಲ್ಲ. ದವಡೆ ಹಲ್ಲುಗಳು ಒರಳಿನ ತಳದಂತೆ ನುಣ್ಣಗಾಗಿದ್ದವು. ಆಗ ಅವಳಿಗೆ ಒಂದೊಂದೇ ನೆನಪಾಯಿತು: ಮಡಿಕೆ ಕಾಳು ಇನ್ನೂ ಬೇಯಲಿ ಅಂದದ್ದು, ರೊಟ್ಟಿಗೆ ಹಚ್ಚುವ ಶೇಂಗಾ ಹಿಂಡಿಯನ್ನು ಹಿಟ್ಟಿನ ಹಾಗೆ ಕುಟ್ಟಿಸಿದ್ದು, ಹಸಿ ಮೂಲಂಗಿ ಯಾರೂ ತಿನ್ನುವುದಿಲ್ಲವೆಂದು ತರುವುದನ್ನೇ ಬಿಟ್ಟದ್ದು. ಸಕ್ಕುಬಾಯಿಯನ್ನು ಕರೆದು ಕೇಳಿದಳು. ನೀವು ಮೆತ್ತಗೆ ಮಾಡು ಅಂದಿರಿ, ನಾನು ಮಾಡಿದೆ ಎಂದು ಸಕ್ಕುಬಾಯಿ ಹೇಳಿದಳು. ಅದರಲ್ಲಿ ತಪ್ಪು ಹುಡುಕುವುದು ಸಾಧ್ಯವಿರಲಿಲ್ಲ. ಸಿದ್ದಕ್ಕನಿಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು. ಊರಿಗೆಲ್ಲ ತನ್ನ ಬಾಯಿಯ ಅಳತೆಯಲ್ಲಿ ಉಣಿಸಿದ್ದಳು.

ಮರುದಿನವೇ ಹುಬ್ಬಳ್ಳಿಯ ಬಸ್ಸು ಹತ್ತಿದಳು. ಅಲ್ಲಿಯ ಹಲ್ಲಿನ ಡಾಕ್ಟರು ಸೆಟ್ಟನ್ನು ತಿರುಗಿಸಿ ನೋಡಿ, ಎರಡು ದಾರಿ ಇವೆ ಅಂದರು. ಒಸಡು ಕರಗಿದ್ದರಿಂದ ಸೆಟ್ಟು ಸಡಿಲಾಗಿದೆ. ಒಳಗೆ ಹೊಸ ಪದರ ಕೊಟ್ಟರೆ ಬಿಗಿಯಾಗಿ ಕೂರುತ್ತದೆ, ಸಂಜೆಗೇ ಒಯ್ಯಬಹುದು. ಆದರೆ ಹಲ್ಲು ಅವೇ ಇರುತ್ತವೆ. ಹೊಸದೇ ಬೇಕೆಂದರೆ ಅಚ್ಚು ತೆಗೆಯಬೇಕು, ನಾಲ್ಕು ಸಲ ಬರಬೇಕು, ಒಂದಷ್ಟು ದಿನ ಒಸಡು ನೋಯುತ್ತದೆ. ಸಿದ್ದಕ್ಕ ವಿಚಾರ ಮಾಡಿ ಹೇಳುತ್ತೇನೆಂದು ಹಳೆಯದನ್ನೇ ಹಾಕಿಕೊಂಡು ವಾಪಸು ಬಂದಳು.

ಸುದ್ದಿ ಅವಳಿಗಿಂತ ಮೊದಲೇ ಖಾನಾವಳಿ ಮುಟ್ಟಿತ್ತು. ಅವಳು ಯಾರನ್ನೂ ಕೇಳಲಿಲ್ಲ, ಎಲ್ಲರೂ ಹೇಳಿದರು. ವಯಸ್ಸಾದವರು ಒಕ್ಕೊರಲಿನಿಂದ ರಿಪೇರಿಯ ಪರ. ಒಗ್ಗಿದ ವಸ್ತುವನ್ನು ಬಿಡಬಾರದು, ಹೊಸ ಹಲ್ಲು ಮುಖವನ್ನೇ ಬದಲಿಸಿಬಿಡುತ್ತದೆ ಎಂದರು. ನಾಗಲಿಂಗಪ್ಪ ಮೂರು ಹೊತ್ತೂ ಇದನ್ನು ವಿವರಿಸಿದ. ಅವಳ ಬಾಯಿಯ ಬಗ್ಗೆ ಇಷ್ಟು ಕಾಳಜಿಯನ್ನು ಗಂಡನೂ ತೋರಿಸಿರಲಿಲ್ಲ.

ಕಡೆಗೆ ಅವಳು ರಸ್ತೆಯ ಆಚೆ ಟಾಯರ್ ರಿಪೇರಿ ಮಾಡುವ ಗನಿಸಾಬನ ಹತ್ತಿರ ಹೋದಳು. ಅವನು ಖಾನಾವಳಿಯಲ್ಲಿ ಉಣ್ಣುವವನಲ್ಲ. ಆದ್ದರಿಂದ ಅವನ ಮಾತಿನಲ್ಲಿ ಸ್ವಾರ್ಥವಿರಲಾರದು. ಕಾಗದದಲ್ಲಿ ಸುತ್ತಿದ್ದನ್ನು ಬಿಚ್ಚಿ ತೋರಿಸಿದಳು. ಗನಿಸಾಬ ಮುಟ್ಟದೆ, ಬಗ್ಗಿ ಎಲ್ಲ ಕಡೆಯಿಂದ ನೋಡಿದ.

“ಇದು ಪಂಕ್ಚರ್ ಅಲ್ಲ ಆಪಾ, ಸವದೈತಿ,” ಎಂದ. “ಒಳಗ ಪ್ಯಾಚ್ ಹಾಕಿದ್ರ ಗಾಳಿ ನಿಲ್ತೈತಿ. ರಸ್ತಾ ಹಿಡಿಯೂದಿಲ್ಲ.”

ಡಾಕ್ಟರು ಹೇಳಿದ್ದೂ ಇದೇ. ಆದರೆ ಅವಳಿಗೆ ಈಗ ತಿಳಿಯಿತು.

ಹೊಸ ಸೆಟ್ಟು ಬಂದ ಮೇಲೆ ಎರಡು ವಾರ ಸಿದ್ದಕ್ಕ ಅಂಬಲಿ ಕುಡಿದುಕೊಂಡು ಇದ್ದಳು. ಒಸಡಿನಲ್ಲಿ ಹುಣ್ಣು, ಮಾತಿನಲ್ಲಿ ಸೀಟಿ. ಅಷ್ಟು ದಿನ ಮೊದಲ ರೊಟ್ಟಿ ಕಡಿಯುವ ಕೆಲಸವನ್ನು ಮಲಕಪ್ಪನಿಗೆ ಒಪ್ಪಿಸಿದ್ದಳು. ಅವನು ಕಾರ್ಖಾನೆಯ ಕೆಲಸಕ್ಕಿಂತ ಶ್ರದ್ಧೆಯಿಂದ ಅದನ್ನು ಮಾಡಿದ. ಮೂರನೆಯ ವಾರ ಅವಳೇ ಕಡಿದಳು. ರೊಟ್ಟಿ ಮುರಿಯಿತು. “ಹೂಂ” ಅಂದಳು.

ಹುಡುಗರು ಒಬ್ಬೊಬ್ಬರಾಗಿ ತಿರುಗಿ ಬಂದರು. ವಯಸ್ಸಾದವರು ಒಬ್ಬೊಬ್ಬರಾಗಿ ಬೇರೆ ಕಡೆಗೆ ಹೋದರು, ಜಗಳವಿಲ್ಲ, ಮಾತಿಲ್ಲ. ನಾಗಲಿಂಗಪ್ಪ ಉಳಿದ. ರೊಟ್ಟಿಯನ್ನು ಚೂರು ಮಾಡಿ ಬೇಳೆಸಾರಿನಲ್ಲಿ ಹಾಕಿ, ನೆನೆಯುವ ತನಕ ಕೈ ಕಟ್ಟಿ ಕೂತಿರುತ್ತಿದ್ದ. ಸಿದ್ದಕ್ಕ ನಾಲ್ಕು ದಿನ ನೋಡಿದಳು. ಐದನೆಯ ದಿನದಿಂದ ಅವನು ಬರುವ ಹೊತ್ತಿಗೆ ಸರಿಯಾಗಿ ನೆನೆಹಾಕಿಯೇ ಇಟ್ಟಳು.

ಒಂದು ಮಧ್ಯಾಹ್ನ ಎಲ್ಲರೂ ಎದ್ದು ಹೋದ ಮೇಲೆ ಅವನು ಕೈ ತೊಳೆದು ಬಂದು ಬಾಗಿಲಲ್ಲಿ ನಿಂತ.

“ತಂಗಿ, ಆ ಹುಬ್ಬಳ್ಳಿ ಡಾಕ್ಟರ ಎಲ್ಲಿ ಕೂಡ್ತಾನ?”

ಅವಳು ಜಾಗ ಹೇಳಿದಳು. ಆಮೇಲೆ, “ಇದ್ದ ನಾಕೂ ತಗಸಬೇಕಾಗ್ತೈತ್ರಿ ಅಣ್ಣಾರ,” ಎಂದಳು.

ನಾಗಲಿಂಗಪ್ಪ ನಾಲಿಗೆಯಿಂದ ನಾಲ್ಕನ್ನೂ ಒಮ್ಮೆ ಮುಟ್ಟಿ ನೋಡಿಕೊಂಡ. “ನಾಕ ಅದಾವು ಅಂತ ಒಂದು ಧೈರ್ಯ ಇತ್ತು,” ಎಂದ.

ಸೋಮವಾರ ಖಾನಾವಳಿಯನ್ನು ಸಕ್ಕುಬಾಯಿಗೆ ಬಿಟ್ಟು ಸಿದ್ದಕ್ಕ ಅವನ ಜೊತೆಗೆ ಹುಬ್ಬಳ್ಳಿಗೆ ಹೋದಳು. ಡಾಕ್ಟರು, ಇವರು ನಿಮಗೇನಾಗಬೇಕು ಎಂದು ಕೇಳಿದರು. ನಮ್ಮಲ್ಲಿ ಉಣ್ಣುವವರು ಎಂದಳು. ನಾಗಲಿಂಗಪ್ಪ ರುಮಾಲು ಬಿಚ್ಚಿ, ಮಡಚಿ, ಅವಳ ಕೈಗೆ ಕೊಟ್ಟು ಒಳಗೆ ಹೋದ. ಸಿದ್ದಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕಾಯುತ್ತ ಕೂತಳು.