ಮೂರು ಪೌಂಡ್ ಗಾಳಿ

ಹಿಮ ಶುರುವಾಗುವಲ್ಲಿ ನಮ್ಮ ಜೀಪು ಕ್ಲಬ್ಬಿನ ಗಾಡಿಗಳೆಲ್ಲ ನಿಲ್ಲುತ್ತವೆ. ಎಲ್ಲರೂ ಇಳಿದು ಟೈರಿನ ಗಾಳಿ ಬಿಡುತ್ತಾರೆ. ಮೂರು ಪೌಂಡಿಗೆ ಇಳಿಸಿದರೆ ಟೈರು ಅಗಲವಾಗಿ ಹರಡಿಕೊಂಡು ಹಿಮದ ಮೇಲೆ ತೇಲುತ್ತದೆ. ಅದಕ್ಕಿಂತ ಕಡಿಮೆಯಾದರೆ ಇಳಿಜಾರಿನಲ್ಲಿ ವಾಲಿದಾಗ ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ನನ್ನ ಗಂಡ ಕೋಲ್ಬೆನ್ ಗಾಳಿ ಬಿಟ್ಟ ಮೇಲೆ, ಕಾಲಾಡಿಸಿ ಬರುತ್ತೇನೆ ಎಂದು ನೆಪ ಹೇಳಿ ನಾನು ಇಳಿಯುವುದು, ಯಾರಿಗೂ ಕಾಣದಂತೆ ನಾಲ್ಕೂ ಟೈರಿನ ಗಾಳಿ ಅಳೆದು ನೋಡುವುದು ಎರಡು ಚಳಿಗಾಲದಿಂದ ನಡೆದುಬಂದಿತ್ತು. ಆ ಬೆಳಿಗ್ಗೆ ನಾನು ಇಳಿಯಲಿಲ್ಲ. ನಾಲ್ಕು ಗಂಟೆಗೆ ಎದ್ದಿದ್ದೆ, ಮಂಡಿ ನೋಯುತ್ತಿತ್ತು, ಫ್ಲಾಸ್ಕಿನಲ್ಲಿ ಕಾಫಿ ಇನ್ನೂ ಬಿಸಿಯಾಗಿತ್ತು. ಒಂದು ದಿನ ನೋಡದಿದ್ದರೆ ಏನಾಗುತ್ತದೆ ಮಹಾ ಎಂದುಕೊಂಡೆ.

ಕೋಲ್ಬೆನ್‌ನ ನೋಟದ ನಡುಮಧ್ಯೆ ಒಂದು ಬೂದು ಕಲೆ ಕೂತಿದೆ. ಅಂಚಿನಲ್ಲಿದ್ದದ್ದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಊರಿನಲ್ಲಿ ಗಾಡಿ ಓಡಿಸುವುದು ನಾನೇ. ಆದರೆ ಪ್ರತಿ ಮಾರ್ಚಿನಲ್ಲಿ ಹಿಮನದಿಯ ಮೇಲೆ ದಾರಿ ಮಾಡುವ ಮುಂದಿನ ಗಾಡಿ ಇಪ್ಪತ್ತನಾಲ್ಕು ವರ್ಷದಿಂದ ಅವನದು. ಅದನ್ನು ಬಿಡು ಎಂದು ಒಮ್ಮೆ ಹೇಳಿ ನೋಡಿದೆ. "ಅದು ಹೋದ ದಿನ ಈ ಗಾಡಿನೂ ಮಾರ್ಬಿಡ್ತೀನಿ, ಮನೇಲಿ ಗೋಡೆ ನೋಡ್ಕೊಂಡು ಕೂತ್ಕೋತೀನಿ" ಎಂದ. ಗೋಡೆಯೂ ಸರಿಯಾಗಿ ಕಾಣದವನ ಹತ್ತಿರ ಏನು ವಾದ ಮಾಡುವುದು? ಅವನ ಕಣ್ಣಿನ ಕೆಲಸ ನನ್ನ ಮೈಮೇಲೆ ಬಿತ್ತು. ಅವನು ಓಡಿಸುತ್ತಾನೆ, ನಾನು ಪಕ್ಕದಲ್ಲಿ ಕೂತು ಎಡಕ್ಕೆ, ಬಲಕ್ಕೆ, ನಿಧಾನ ಅನ್ನುತ್ತಾ ಇರುತ್ತೇನೆ. ಹಿಂದಿನ ಗಾಡಿಗಳ ಜೊತೆ ಮಾತಾಡುವ ರೇಡಿಯೋ ಕೂಡ ನನ್ನ ಕೈಯಲ್ಲೇ. ಸಂಜೆಯ ಹೊತ್ತಿಗೆ ನನ್ನ ಕಣ್ಣು ಉರಿಯುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ. ಹೊಗಳಿಕೆ ಮಾತ್ರ ಅವನಿಗೆ.

ಬೆಳಿಗ್ಗೆಯೆಲ್ಲ ಮೋಡ. ಆಕಾಶವೂ ನೆಲವೂ ಒಂದೇ ಬಿಳಿ. ಗಾಡಿ ಹತ್ತುತ್ತಿದೆಯೋ ಇಳಿಯುತ್ತಿದೆಯೋ ಹೊಟ್ಟೆಗೆ ಮಾತ್ರ ಗೊತ್ತು.

"ಕೋಲ್ಬೆನ್, ನಿಂಗೇನಾದ್ರೂ ಕಾಣ್ತಿದ್ಯಾ?" ರೇಡಿಯೋದಲ್ಲಿ ಎರಡನೇ ಗಾಡಿಯ ಕೇತಿಲ್ ಕೇಳಿದ.

ಕೋಲ್ಬೆನ್ ನನ್ನ ಕೈಯಿಂದ ರೇಡಿಯೋ ಕಸಿದುಕೊಂಡ. "ಒಂದು ಚೂರೂ ಇಲ್ಲ, ಮಾರಾಯ."

"ನಮ್ಗೂ ಇಲ್ಲ" ಎಂದು ಹಿಂದಿನ ಏಳು ಗಾಡಿಯವರೂ ನಕ್ಕರು. ಕೋಲ್ಬೆನ್ ಕೂಡ ನಕ್ಕ. ಅಂಥ ಬಿಳಿಯಲ್ಲಿ ಅವನು ಎಲ್ಲರ ಸಮ. ಎಷ್ಟೋ ದಿನದ ಮೇಲೆ ಅವನ ಭುಜ ಸಡಿಲವಾದದ್ದು ನೋಡಿದೆ. ಒಣಮೀನಿಗೆ ಬೆಣ್ಣೆ ಸವರಿ ಕೊಟ್ಟೆ, ಹಾಡು ಗುನುಗುತ್ತಾ ತಿಂದ.

ಮಧ್ಯಾಹ್ನ ಮೋಡ ಸರಿದು ಬಿಸಿಲು ಬಿತ್ತು. ಹಿಂದಿನವರೆಲ್ಲ ಸಂತೋಷದಿಂದ ಹಾರ್ನ್ ಹೊಡೆದರು. ಕೋಲ್ಬೆನ್ ಮಾತ್ರ ಹಾಡು ನಿಲ್ಲಿಸಿದ.

"ಎಡಕ್ಕೆ ಇಳಿಜಾರಿದೆ, ಮೇಲ್ಗಡೆನೇ ಹಿಡ್ಕೋ" ಎಂದೆ. ಹಿಡಿದುಕೊಂಡ. ಗಾಡಿ ಎಡಕ್ಕೆ ವಾಲಿತು, ಪುಸ್ ಎಂಬ ಸದ್ದು ಬಂತು, ಮುಂದಿನ ಎಡ ಮೂಲೆ ಹಿಮದಲ್ಲಿ ಕುಸಿದು ಕೂತಿತು. ಟೈರು ರಿಮ್ಮಿನಿಂದ ಕಳಚಿತ್ತು.

ಎಲ್ಲರೂ ಬಂದು ಸೇರಿದರು. ಅದೇನು ದೊಡ್ಡ ಕೆಲಸವಲ್ಲ. ಟೈರಿನೊಳಗೆ ಒಂದಿಷ್ಟು ಲೈಟರ್ ಗ್ಯಾಸ್ ಬಿಟ್ಟು ಬೆಂಕಿಕಡ್ಡಿ ತೋರಿಸಿದರೆ ಢಬ್ ಎಂದು ತನ್ನ ಜಾಗಕ್ಕೆ ತಾನೇ ಕೂರುತ್ತದೆ. ಕೂತಿತು. ಗಾಳಿ ತುಂಬಿಸಿದ ಕೇತಿಲ್, ಕೈಯಲ್ಲಿ ಮೀಟರು ಇದ್ದದ್ದಕ್ಕೆ ಬಲಗಡೆಯದನ್ನೂ ನೋಡಿದ.

"ಇದು ಎಷ್ಟಕ್ಕೆ ಇಳ್ಸಿದ್ದೆ?"

"ಮೂರು. ಇನ್ನೆಷ್ಟಿಡ್ತಾರೆ?" ಎಂದ ಕೋಲ್ಬೆನ್.

"ಒಂದಿದೆ ನೋಡಿಲ್ಲಿ."

ಕೋಲ್ಬೆನ್ ಮೀಟರು ತೆಗೆದುಕೊಂಡು ಕಿವಿಯ ಪಕ್ಕ ಹಿಡಿದು ಓರೆಯಾಗಿ ನೋಡಿದ. ಮನೆಯಲ್ಲಿ ಹಾಗೆ ನೋಡುವುದು ನನಗೆ ರೂಢಿಯಾಗಿಹೋಗಿದೆ. ಅಲ್ಲಿದ್ದವರಿಗೆ ಆಗಿರಲಿಲ್ಲ. ಎಲ್ಲರೂ ಅವನನ್ನೇ ನೋಡತೊಡಗಿದರು.

"ಮುಂದಿನೆರಡ್ರ ಗಾಳಿ ನಾನೇ ಬಿಟ್ಟಿದ್ದು" ಎಂದೆ. "ಮಾತಾಡ್ತಾ ಮೈಮರೆತೆ."

"ಮಾತು ಜಾಸ್ತಿ ಆಯ್ತು, ಗಾಳಿ ಕಮ್ಮಿ ಆಯ್ತು. ಅಷ್ಟೇ ಅಲ್ವಾ ರನ್ವೇಗ್?" ಎಂದು ಕೇತಿಲ್ ನನ್ನನ್ನು ಕೆಣಕಿದ. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಬೈಸಿಕೊಳ್ಳುವುದೂ ನನ್ನ ಪಾಲಿಗೇ ಬಂತಲ್ಲ ಎಂದು ಒಳಗೆ ಉರಿಯಿತು.

"ಅವ್ಳು ಬೆಳಿಗ್ಗೆ ಗಾಡಿ ಬಿಟ್ಟು ಇಳ್ದೇ ಇಲ್ಲ" ಎಂದ ಕೋಲ್ಬೆನ್.

"ನೀನು ಸುಮ್ನಿರು" ಎಂದೆ.

"ಸುಮ್ನಿದ್ದಿದ್ದು ಸಾಕು. ನಂಗೆ ಅಂಕಿ ಕಾಣಲ್ಲ ಕೇತಿಲ್. ಎರಡು ವರ್ಷ ಆಯ್ತು."

ಕೇತಿಲ್‌ಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಮುಖ ಕೆಂಪಾಯಿತು. "ಬಿರುಕು ಬಿಟ್ಟಿರೋ ಹಿಮನದಿ ಮೇಲೆ ಏಳು ಗಾಡಿ ನಿನ್ನ ಜಾಡಲ್ಲೇ ಬಂದಿದ್ದೀವಲ್ಲೋ. ನನ್ನ ಗಾಡೀಲಿ ನನ್ನ ಮಗಳೂ ಕೂತಿದ್ಲು ಹೋದ ವರ್ಷ. ದಾರಿ ನೋಡ್ತಿದ್ದೋರು ಯಾರು ಹಾಗಾದ್ರೆ?"

"ಇವ್ಳು" ಎಂದ ಕೋಲ್ಬೆನ್.

ಎಲ್ಲರೂ ನನ್ನ ಕಡೆ ತಿರುಗಿದರು. ಕ್ಷಮೆ ಕೇಳಬೇಕಿತ್ತು. ಕೇತಿಲ್ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ಹೌದು, ನಾನೇ. ನಂಗೂ ಸಾಕಾಗಿದೆ ಕಣೋ. ತುಂಬಾ ಸಾಕಾಗಿದೆ."

ಕೇತಿಲ್ ಬೂಟಿನಿಂದ ಹಿಮ ಒದ್ದ. "ಹಾಗಾದ್ರೆ ಸ್ಟೇರಿಂಗ್ ನೀನೇ ಹಿಡಿ. ನೋಡೋರೇ ಓಡಿಸ್ಲಿ. ನಾವು ಹಿಂದೆ ಬರ್ತೀವಿ" ಎಂದು ತನ್ನ ಗಾಡಿ ಹತ್ತಿದ.

ಕೋಲ್ಬೆನ್ ಗಾಡಿಯನ್ನು ಸುತ್ತಿ ಬಂದು ನನ್ನ ಜಾಗದಲ್ಲಿ ಕೂತ. ಕೈ ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಒಂದಷ್ಟು ದೂರ ಹೋದ ಮೇಲೆ ಫ್ಲಾಸ್ಕು ಹುಡುಕಿ ತೆಗೆದು, ಲೋಟದೊಳಗೆ ಬೆರಳಿಟ್ಟು ಅಳತೆ ನೋಡಿಕೊಂಡು ನನಗೆ ಕಾಫಿ ಬಗ್ಗಿಸಿಕೊಟ್ಟ. ಕಾಫಿ ತಣ್ಣಗಾಗಿತ್ತು. ಕುಡಿದೆ.

ಹೊತ್ತಿಳಿಯುವ ಮೊದಲೇ ಕ್ಲಬ್ಬಿನ ಗುಡಿಸಲು ಮುಟ್ಟಿದೆವು. ಅಲ್ಲಿ ಮೇಜಿನ ಮೇಲೆ ಒಂದು ದಪ್ಪ ಪುಸ್ತಕವಿದೆ. ತಲುಪಿದ ತಕ್ಷಣ, ಬೂಟು ಬಿಚ್ಚುವ ಮೊದಲೇ, ದಾರಿ ಮಾಡಿದವರ ಹೆಸರನ್ನು ಮುಂದಿನ ಗಾಡಿಯವರು ಅದರಲ್ಲಿ ಬರೆಯಬೇಕು. ಇಪ್ಪತ್ತನಾಲ್ಕು ಸಲ ಕೋಲ್ಬೆನ್ ತನ್ನ ಹೆಸರು ಬರೆದಿದ್ದಾನೆ. ಈ ಸಲವೂ ನೇರ ಮೇಜಿನ ಹತ್ತಿರ ಹೋಗಿ ಪೆನ್ನು ಹಿಡಿದ. ಹಿಡಿಯಲಿ, ಇದೊಂದಾದರೂ ಇರಲಿ ಎಂದು ನಾನು ಸುಮ್ಮನೆ ನಿಂತೆ.

ಮೂಗು ಹಾಳೆಗೆ ತಾಗುವಷ್ಟು ಬಗ್ಗಿ, ಒಂದೊಂದೇ ಅಕ್ಷರವಾಗಿ ನನ್ನ ಹೆಸರು ಬರೆದ. ಖಾಲಿ ಸಾಲು ಕೆಳಗಿತ್ತು. ಅವನ ಅಕ್ಷರಗಳು ಹಿಂದಿನ ವಾರ ಬಂದ ಬೇರೆ ತಂಡದವರ ಹೆಸರಿನ ಮೇಲೆಯೇ ಹತ್ತಿ ಕೂತವು. ಯಾವುದು ಯಾರ ಹೆಸರೆಂದು ಓದಲು ಬರುವಂತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಕೇತಿಲ್ ಏನೋ ಹೇಳಲು ಬಾಯಿ ತೆರೆದ. ಅವನ ತೋಳು ಹಿಡಿದು ತಡೆದೆ.

"ಸರಿಯಾಗಿ ಬಂತಾ?" ಎಂದು ಕೋಲ್ಬೆನ್ ಕೇಳಿದ.

"ಬಂತು" ಎಂದೆ.